ಕೋವಿಯ ಒದೆತ

ಒದೆಯುವ ಪ್ರಾಣಿಗಳೂ ವಸ್ತುಗಳೂ ಲೋಕದಲ್ಲಿ ಅನೇಕ. ಕರು ಸತ್ತ ಎಮ್ಮೆ ಒದೆಯುತ್ತದೆ. ಜಟಕಾ ಕುದುರೆ ಒದೆಯುತ್ತಿತ್ತಂತೆ. ತುಂಬಿದ ಬಸ್ಸಿನಲ್ಲಿ ನಮ್ಮ ಹಿಂದೆ ನಿಂತ ಮಹನೀಯರೂ ಒಮ್ಮೊಮ್ಮೆ ಒದೆಯುವುದುಂಟು. ಇವರೆಲ್ಲರೂ ಒದೆಯುವುದು ತಮಗೆ ಆಗದವರನ್ನು. ತನ್ನನ್ನು ಒರೆಸಿ, ಎಣ್ಣೆ ಹಚ್ಚಿ, ಎದೆಗೆ ಅವಚಿಕೊಂಡವನನ್ನೇ ಒದೆಯುವುದು, ನಾನು ಕಂಡಮಟ್ಟಿಗೆ, ಕೋವಿಯೊಂದೇ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕೋವಿಗೇನು ಕೆಲಸವೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ನಾನು ಬೇಟೆಗಾರನಲ್ಲ. ಬೇಟೆಯನ್ನು ಹೊಗಳುವುದೂ ನನ್ನ ಉದ್ದೇಶವಲ್ಲ. ನಾನು ಬರೆಯಹೊರಟಿರುವುದು ಒಂದು ಅಳುಕಿನ ವಿಚಾರವಾಗಿ. ಆ ಅಳುಕು ಕೋವಿಯ ಬಳಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣುವುದಿಲ್ಲವಾದುದರಿಂದ ಕೋವಿಯನ್ನು ಆಶ್ರಯಿಸಿದ್ದೇನೆ.

ನಮ್ಮದು ತೀರ್ಥಹಳ್ಳಿಯ ಕಡೆ ಒಂದು ಅಡಕೆ ತೋಟದ ಮನೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿಯೊಂದು ಅಜ್ಜಯ್ಯನ ಕೋಣೆಯಲ್ಲಿದೆ. ಚುನಾವಣೆ ಬಂತೆಂದರೆ ಅದು ಪೊಲೀಸು ಠಾಣೆಗೆ ಹೋಗಿ ಕೂರುತ್ತದೆ. ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅಜ್ಜಯ್ಯನ ಶಿಕಾರಿ ಕಥೆಗಳಲ್ಲಿ ಮಾತ್ರ ಉಳಿಯಿತು. ಈಗ ಅದರ ಕೆಲಸವೆಲ್ಲ ಮಂಗಗಳನ್ನು ಬೆದರಿಸುವ ಬರಿಯ ಸದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಸರಳಿನಿಂದ ಜಡಿದು, ಕೇಪು ಇಟ್ಟು ಕುದುರೆ ಎಳೆಯುವ ಆ ಕೋವಿಗೆ ಮದ್ದು, ಚರೆ ಒಂದು ಚಿಟಿಕೆ ಹೆಚ್ಚಾದರೂ ಸಾಕು, ಭುಜ ಎರಡು ದಿನ ನೆನಪಿಟ್ಟುಕೊಳ್ಳುತ್ತದೆ.

ಕಾಲೇಜಿಗೆ ಬಂದು ಎನ್.ಸಿ.ಸಿ. ಸೇರಿದಾಗ ನಮಗೆ ಕೊಟ್ಟದ್ದು ಪಾಯಿಂಟ್ ಟೂ ಟೂ ರೈಫಲ್. ಇದು ಕೋವಿಗಳ ಪೈಕಿ ಸಾಧು. ಆದರೂ ಫೈರಿಂಗ್ ದಿನ ನನಗೊಂದು ವಿಚಿತ್ರ ಕಂಡಿತು. ಕೆಲವು ಗೆಳೆಯರು ಗುರಿಯನ್ನು ನೆಟ್ಟಗೆ ಹಿಡಿಯುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಟ್ರಿಗರಿನ ಮೇಲೆ ಬೆರಳಿಡುತ್ತಾರೆ. ಅಷ್ಟರಲ್ಲಿ ಎರಡು ಕಣ್ಣುಗಳೂ ತಾವಾಗಿಯೇ ಮುಚ್ಚಿಹೋಗುತ್ತವೆ. ಒದೆಯದ ಕೋವಿಗೆ ಇವರು ಇಷ್ಟು ಹೆದರುವುದೇಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ಬೇಸಗೆ ರಜೆಯಲ್ಲಿ, ನಮ್ಮ ಮನೆಯ ಜಗಲಿಯಲ್ಲಿ.

ಟೆಕ್ಸಸ್ಸಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ, ನಮ್ಮ ಅಣ್ಣಯ್ಯ, ಊರಿಗೆ ಬಂದಿದ್ದ. ಅಲ್ಲಿ ಸಹೋದ್ಯೋಗಿಯೊಬ್ಬನ ಜೊತೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗುವ ರೂಢಿ ಅವನಿಗೆ. ಆ ಸಹೋದ್ಯೋಗಿ ಜಿಂಕೆ ಬೇಟೆಗೆ ಹೋಗುವುದು ಕೈಯಲ್ಲಿ ಹಿಡಿಯುವ ಪಿಸ್ತೂಲಿನೊಂದಿಗೆ. ಅದಕ್ಕೆ ಹಿಡಿಸುವುದು ಒಂದೇ ತೋಟಾ ಎಂದು ಅಣ್ಣಯ್ಯ ಹೇಳಿದಾಗ ಅಜ್ಜಯ್ಯ ಎಲೆಯಡಕೆ ಜಗಿಯುವುದನ್ನು ನಿಲ್ಲಿಸಿದರು.

“ಪಿಸ್ತೂಲು ಪೇದೆಗಳಿಗಾಯ್ತು. ಅದರಲ್ಲಿ ಶಿಕಾರಿ ಎಂಥದೋ?” ಎಂದರು.

“ಅಲ್ಲ ಅಜ್ಜಯ್ಯ, ಇದು ಆ ಜಾತಿಯದಲ್ಲ. ನಿಮ್ಮ ಕೋವಿಯನ್ನು ಮೊಳದುದ್ದಕ್ಕೆ ಕತ್ತರಿಸಿ, ಹಿಂದಿನ ಮರ ತೆಗೆದುಹಾಕಿದ ಹಾಗೆ ಅಂತಿಟ್ಟುಕೊಳ್ಳಿ,” ಎಂದು ಅಣ್ಣಯ್ಯ ಶುರುಮಾಡಿದ.

ಈ ಬಗೆಯ ಪಿಸ್ತೂಲುಗಳಿಗೆ ಅಮೆರಿಕದಲ್ಲಿ ಒಂದು ಪರಂಪರೆಯೇ ಇದೆ. 1963ರಲ್ಲಿ ರೆಮಿಂಗ್ಟನ್ ಕಂಪನಿ ಎಕ್ಸ್‌ಪಿ-100 ಎಂಬ ಒಂಟಿ ತೋಟಾದ ಪಿಸ್ತೂಲನ್ನು ತಂದಿತು. ಅದಕ್ಕೆ ರೈಫಲ್ಲಿನಂತೆ ಬೋಲ್ಟ್. 1967ರಲ್ಲಿ ಥಾಂಪ್ಸನ್ ಸೆಂಟರ್ ಕಂಪನಿಯ ‘ಕಂಟೆಂಡರ್’ ಬಂತು. ಅದನ್ನು ರೂಪಿಸಿದವನು ವಾರನ್ ಸೆಂಟರ್. ನಮ್ಮಲ್ಲಿಯ ತೋಟಾ ಕೋವಿಯಂತೆ ನಡುವೆ ಮುರಿದು ತೋಟಾ ತುಂಬುವ ಈ ಪಿಸ್ತೂಲಿನ ವಿಶೇಷವೆಂದರೆ, ಹಿಡಿ ಒಂದೇ ಇಟ್ಟುಕೊಂಡು ನಳಿಗೆಯನ್ನು ಬದಲಾಯಿಸಬಹುದು. ಇಂದು ಪಾಯಿಂಟ್ ಟೂ ಟೂ ನಳಿಗೆ. ನಾಳೆ ದೊಡ್ಡ ರೈಫಲ್ ತೋಟಾದ ನಳಿಗೆ. 1873ರಲ್ಲಿ ಅಮೆರಿಕದ ಸೈನ್ಯ ತನ್ನ ರೈಫಲ್ಲಿಗೆಂದು ಒಪ್ಪಿಕೊಂಡ .45-70 ಎಂಬ ಹೆಬ್ಬೆರಳು ಗಾತ್ರದ ತೋಟಾವನ್ನೂ ಈ ಪಿಸ್ತೂಲಿನಲ್ಲಿ ಹಾರಿಸುವವರಿದ್ದಾರೆ. ರೈಫಲ್ ಇರುವಾಗ ಈ ಕಷ್ಟವೇಕೆಂದರೆ, ಕಷ್ಟವೇ ಅವರಿಗೆ ಬೇಕಾದುದು. ಪಿಸ್ತೂಲು ಹಿಡಿದವನು ಪ್ರಾಣಿಗೆ ಇನ್ನೂ ಹತ್ತಿರ ಹೋಗಬೇಕು, ಇನ್ನೂ ಹೊತ್ತು ಕಾಯಬೇಕು, ಇರುವ ಒಂದೇ ತೋಟಾವನ್ನು ಲೆಕ್ಕವಿಟ್ಟು ಬಳಸಬೇಕು.

“ಒದೆಯೋದು?” ಎಂದು ಅಜ್ಜಯ್ಯ ಮೂಲಕ್ಕೇ ಬಂದರು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕಾಗಿದೆ. ಕಲಾ ವಿಭಾಗದ ಮಿತ್ರರು ಕ್ಷಮಿಸಬೇಕು. ಕ್ರಿಯೆಯಿದ್ದಲ್ಲಿ ಅಷ್ಟೇ ಪ್ರಮಾಣದ ಪ್ರತಿಕ್ರಿಯೆ ಎದುರು ದಿಕ್ಕಿಗೆ ಇದ್ದೇ ಇರುತ್ತದೆಂದು ನ್ಯೂಟನ್ 1687ರಲ್ಲಿಯೇ ಬರೆದಿಟ್ಟಿದ್ದಾನೆ. ಸುಮಾರು 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ 490 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅದರ ಬೆನ್ನಿಗೆ ಉರಿದ ಮದ್ದಿನ ಅನಿಲವೂ ನುಗ್ಗುತ್ತದೆ. ಇವೆರಡರ ಪ್ರತಿಕ್ರಿಯೆಯಿಂದ ಎರಡು ಕಿಲೋ ತೂಕದ ಪಿಸ್ತೂಲು ಸೆಕೆಂಡಿಗೆ ಆರೂವರೆ ಮೀಟರಿಗೂ ಮಿಕ್ಕ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಇದನ್ನು ಅಣ್ಣಯ್ಯ ಅಜ್ಜಯ್ಯನಿಗೆ ಹೀಗೆ ತಿಳಿಸಿದ: ಅಡಕೆ ತೂಗುವ ಎರಡು ಕಿಲೋ ಕಲ್ಲನ್ನು ಏಳೂವರೆ ಅಡಿ ಎತ್ತರದ ಅಟ್ಟದಿಂದ ಕೆಳಗೆ ಬಿಟ್ಟು, ಅಂಗೈಯಲ್ಲಿ ಹಿಡಿದ ಹಾಗೆ. ನಮ್ಮ ಎನ್.ಸಿ.ಸಿ. ರೈಫಲ್ಲಿನ ಲೆಕ್ಕ ಹಾಕಿದರೆ, ಅದೇ ಕಲ್ಲು ಅರ್ಧ ಸೆಂಟಿಮೀಟರಿಗಿಂತಲೂ ಕಡಿಮೆ ಎತ್ತರದಿಂದ ಬಿದ್ದಷ್ಟು ವೇಗ!

ಅಲ್ಲದೆ ರೈಫಲ್ಲಿನ ಒದೆತವನ್ನು ಭುಜ ತಡೆಯುತ್ತದೆ. ಇಡೀ ಮೈ ಅದರ ಹಿಂದೆ ನಿಲ್ಲುತ್ತದೆ. ಪಿಸ್ತೂಲಿಗಾದರೋ ಮಣಿಕಟ್ಟು ಒಂದೇ ದಿಕ್ಕು. ನಳಿಗೆ ಮುಷ್ಟಿಗಿಂತ ಮೇಲಿರುವುದರಿಂದ ಪಿಸ್ತೂಲು ನೇರ ಹಿಂದಕ್ಕೆ ಬಾರದೆ ಮೂತಿಯೆತ್ತಿ ಮೇಲಕ್ಕೆ ಹಾರುತ್ತದೆ. ಟ್ರಿಗರಿನ ಸುತ್ತಲಿನ ಬಳೆ ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ದುರ್ಬೀನು ಕೂರಿಸಿದ ಪಿಸ್ತೂಲನ್ನು ಮುಖಕ್ಕೆ ಹತ್ತಿರ ತಂದವನ ಹಣೆಯ ಮೇಲೆ ಅರ್ಧಚಂದ್ರಾಕಾರದ ಮುದ್ರೆ ಬೀಳುತ್ತದೆ. ಆದುದರಿಂದಲೇ ಪಿಸ್ತೂಲಿನ ದುರ್ಬೀನನ್ನು ತೋಳು ಚಾಚಿದ ದೂರದಿಂದ ನೋಡುವಂತೆ ಮಾಡಿರುತ್ತಾರೆ.

ಇದಕ್ಕೆ ಪರಿಹಾರಗಳೂ ಉಂಟು. ಮೊದಲನೆಯದು ತೂಕ. ಎರಡು ಕಿಲೋ ಇದ್ದದ್ದು ಎರಡೂವರೆಯಾದರೆ ಒದೆತದ ಶಕ್ತಿಯಲ್ಲಿ ಐದನೆಯ ಒಂದು ಪಾಲು ಇಳಿಯುತ್ತದೆ. ಭಾರವಾದ ನಳಿಗೆಯೂ ದುರ್ಬೀನೂ ಈ ದೃಷ್ಟಿಯಿಂದ ಉಪಕಾರಿಗಳೇ. ಎರಡನೆಯದು ಮೆತ್ತನೆಯ ರಬ್ಬರ್ ಹಿಡಿ ಮತ್ತು ಕೈಗವಸು. ಇವು ಒದೆತವನ್ನು ಕಡಿಮೆ ಮಾಡುವುದಿಲ್ಲ, ಅಂಗೈಯ ತುಂಬ ಹರಡುತ್ತವೆ. ಮೂರನೆಯದು ನಳಿಗೆಯ ತುದಿಯಲ್ಲಿ ಕೊರೆದ ರಂಧ್ರಗಳು. ಅನಿಲವನ್ನು ಮೇಲಕ್ಕೂ ಪಕ್ಕಕ್ಕೂ ತಿರುಗಿಸಿ ಅವು ಮೂತಿಯನ್ನು ಕೆಳಕ್ಕೆ ಒತ್ತುತ್ತವೆ; ಆದರೆ ಕಿವಿಗೆ ಬೀಳುವ ಸದ್ದು ದುಪ್ಪಟ್ಟಾದಂತೆನಿಸುತ್ತದೆ. ಅದಕ್ಕಾಗಿ ಕಿವಿಯೊಳಗೆ ಬಿರಡೆ, ಮೇಲೆ ಮುಚ್ಚಳ, ಎರಡನ್ನೂ ಧರಿಸುತ್ತಾರೆ.

ಹಿಡಿಯುವುದರಲ್ಲಿಯೂ ಕ್ರಮವಿದೆ. ಎರಡು ಕೈಗಳಿಂದ ಭದ್ರವಾಗಿ ಹಿಡಿಯಬೇಕು. ಆದರೆ ಕೈ ನಡುಗುವಷ್ಟು ಹಿಸುಕಬಾರದು. ಮೊಣಕೈಗಳನ್ನು ಕೊಂಚ ಸಡಿಲಬಿಟ್ಟರೆ ಪಿಸ್ತೂಲು ಮೇಲೆದ್ದಾಗ ತೋಳುಗಳೂ ಅದರೊಡನೆ ಎದ್ದು ಪೆಟ್ಟನ್ನು ನುಂಗುತ್ತವೆ. ಸೆಟೆದು ನಿಂತವನ ಕೀಲುಗಳು ಅದನ್ನು ಇಡಿಯಾಗಿ ತಿನ್ನುತ್ತವೆ. ಕಲ್ಲು, ಮರದಂಥ ಗಟ್ಟಿ ವಸ್ತುವಿನ ಮೇಲೆ ನಳಿಗೆಯನ್ನಿಟ್ಟರೆ ಅದು ಪುಟಿದು ಗುಂಡು ಬೇರೆಡೆ ಹೋಗುತ್ತದೆ. ಮರಳಿನ ಚೀಲದ ಮೇಲೆ ನಳಿಗೆಯ ಕೆಳಗಿನ ಮರವನ್ನು ಊರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಸಲವೂ ಒಂದೇ ರೀತಿ ಹಿಡಿಯಬೇಕು. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಪಿಸ್ತೂಲು ಚಲಿಸತೊಡಗಿರುತ್ತದೆಯಾಗಿ, ಹಿಡಿತ ಬದಲಾದರೆ ಗುಂಡು ತಗಲುವ ಜಾಗವೂ ಬದಲಾಗುತ್ತದೆ.

ಇಷ್ಟೆಲ್ಲ ಕೇಳಿದ ಅಜ್ಜಯ್ಯ, “ಇದೆಲ್ಲಾ ಸರಿ. ಕೋವಿ ಒದೆಯೋದು ಅದರ ಧರ್ಮ. ಅದು ಒದೆಯೋದಕ್ಕೆ ಮುಂಚೆ ಇವ ಬೆಚ್ಚಿಬೀಳ್ತಾನಲ್ಲ, ಅದಕ್ಕೇನು ಮದ್ದು?” ಎಂದರು. ಅಣ್ಣಯ್ಯ ನಕ್ಕು, ಅಲ್ಲಿಯವರೂ ತಲೆಕೆಡಿಸಿಕೊಂಡಿರುವುದು ಇದರ ಬಗ್ಗೆಯೇ ಎಂದ.

ಆಶ್ಚರ್ಯದ ಸಂಗತಿ ಇಲ್ಲಿದೆ. ಹದಿನೈದು ಅಂಗುಲದ ನಳಿಗೆಯನ್ನು ದಾಟಲು ಆ ಗುಂಡಿಗೆ ಹಿಡಿಯುವುದು ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಭಾಗದಷ್ಟು ಹೊತ್ತು. ಅಷ್ಟರಲ್ಲಿ ಪಿಸ್ತೂಲು ಹಿಂದೆ ಸರಿದಿರುವುದು ಮೂರೋ ನಾಲ್ಕೋ ಮಿಲಿಮೀಟರು. ಮನುಷ್ಯನ ಕೈಕಾಲುಗಳಾದರೋ ಒಂದು ಪೆಟ್ಟಿಗೆ ಉತ್ತರ ಕೊಡಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಎಂದರೆ, ಒದೆತದ ನೋವು ನಮಗೆ ತಿಳಿಯುವ ಹೊತ್ತಿಗೆ ಗುಂಡು ಗುರಿಯ ಕಡೆ ಎಂದೋ ಹೊರಟುಹೋಗಿರುತ್ತದೆ. ಬಿದ್ದ ಒದೆಯ ನೋವಿನಿಂದ ಆ ಗುಂಡಿನ ಗುರಿ ತಪ್ಪುವಂತೆಯೇ ಇಲ್ಲ. ತಪ್ಪಿಸುವುದು ಬೀಳಲಿರುವ ಒದೆಯ ನೆನಪು. ಟ್ರಿಗರ್ ಎಳೆಯುವ ಕ್ಷಣಕ್ಕೆ ಮುಂಚೆ ಮುಷ್ಟಿ ಬಿಗಿಯುತ್ತದೆ, ಮಣಿಕಟ್ಟು ಮುಂದಕ್ಕೆ ತಳ್ಳುತ್ತದೆ, ಕಣ್ಣು ಮುಚ್ಚುತ್ತದೆ. ಆ ನಳಿಗೆಯ ತುದಿ ಎರಡೇ ಮಿಲಿಮೀಟರ್ ಬಾಗಿದರೂ ಐವತ್ತು ಮೀಟರಿನಾಚೆ ಗುಂಡು ಕಾಲು ಮೀಟರಿಗಿಂತ ಹೆಚ್ಚು ಕೆಳಗೆ ಹೊಡೆಯುತ್ತದೆ.

ಈ ಅಳುಕನ್ನು ಹಿಡಿಯಲು ಅವರಲ್ಲೊಂದು ಉಪಾಯವಿದೆ. ಗೆಳೆಯನೊಬ್ಬ ಪಿಸ್ತೂಲು ತುಂಬಿ ಕೊಡುತ್ತಾನೆ. ಒಮ್ಮೆ ನಿಜವಾದ ತೋಟಾ, ಒಮ್ಮೆ ಹುಸಿ ತೋಟಾ. ಒಳಗೇನಿದೆಯೆಂದು ಗುರಿಯಿಡುವವನಿಗೆ ತಿಳಿಯದು. ಹುಸಿ ತೋಟಾದ ಮೇಲೆ ಕುದುರೆ ‘ಟಕ್’ ಎಂದಾಗ ನಳಿಗೆ ಧಡಕ್ಕನೆ ಕೆಳಗಿಳಿದರೆ ಅಳುಕು ಬಯಲಾಯಿತು. ಆಗ ದೂರಲು ಒದೆಯೂ ಇಲ್ಲ, ಸದ್ದೂ ಇಲ್ಲ. ಬಳಿಕ ಚಿಕಿತ್ಸೆ: ಕಂಟೆಂಡರಿಗೆ ಪಾಯಿಂಟ್ ಟೂ ಟೂ ನಳಿಗೆ ಹಾಕಿ ನೂರಾರು ಗುಂಡು, ಮದ್ದು ಕಡಿಮೆಯಿರುವ ತೋಟಾಗಳಿಂದ ಮೆಲ್ಲಮೆಲ್ಲನೆ ಮೇಲಕ್ಕೆ, ದೊಡ್ಡ ತೋಟಾ ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಕೈ ನೋಯತೊಡಗಿದ ಮೇಲೆ ಹಾರಿಸಿದ ಪ್ರತಿಯೊಂದು ಗುಂಡೂ ಅಳುಕನ್ನೇ ಕಲಿಸುತ್ತದೆಯಂತೆ.

ನಳಿಗೆಯ ಮೇಲೆ ನಾಣ್ಯವಿಟ್ಟು ಖಾಲಿ ಕುದುರೆ ಬಿಡುವ ಅಭ್ಯಾಸವನ್ನೂ ಅಣ್ಣಯ್ಯ ಹೇಳಿದ. ಅಜ್ಜಯ್ಯ ಒಳಗಿನಿಂದ ಕೋವಿ ತರಿಸಿದರು. ಅದು ಖಾಲಿಯೆಂಬುದನ್ನು ಸರಳು ಇಳಿಸಿ ನೋಡಿ ಖಚಿತಮಾಡಿಕೊಂಡು, ಕೇಪಿನ ಜಾಗಕ್ಕೆ ಚರ್ಮದ ತುಂಡಿಟ್ಟು, ಯಾರೂ ಇಲ್ಲದ ತೋಟದ ಕಡೆಗೆ ಗುರಿಹಿಡಿದರು. ನಳಿಗೆಯ ಮೇಲೆ ನಾನು ಒಂದು ರೂಪಾಯಿ ಇಟ್ಟೆ. ಎಂಬತ್ತು ದಾಟಿದ ಕೈ ಕೋವಿ ಎತ್ತುವಾಗ ನಡುಗಿತು. ಗುರಿಗೆ ನಿಂತ ಮೇಲೆ ನಡುಗಲಿಲ್ಲ. ಕುದುರೆ ಬಿದ್ದಿತು. ರೂಪಾಯಿ ಇದ್ದಲ್ಲೇ ಇತ್ತು.

ಆಮೇಲೆ ಅಜ್ಜಯ್ಯ ಎಂದೂ ಹೇಳದಿದ್ದ ಕಥೆಯೊಂದನ್ನು ಹೇಳಿದರು. ಅವರ ಪ್ರಾಯದ ಕಾಲದಲ್ಲಿ, ಶಿಕಾರಿಯ ಜೊತೆಗಾರನೊಬ್ಬ ಮೂವತ್ತು ಮಾರು ದೂರದಲ್ಲಿ ನಿಂತ ಕಡವೆಗೆ ಈಡು ಹೊಡೆದನಂತೆ. ಕೋವಿ ಒದೆಯುತ್ತದೆಂದು ಹೆದರಿ ಕೊನೆಗಳಿಗೆಯಲ್ಲಿ ಮುಖ ತಿರುಗಿಸಿದ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿತ್ತು. ಇನ್ನೊಮ್ಮೆ ಮದ್ದು ತುಂಬುವಷ್ಟರಲ್ಲಿ ಕಡವೆ ಕಾಡು ಸೇರಿತ್ತು. ರಕ್ತದ ಜಾಡು ಹಿಡಿದು ಇವರು ಅಂದು ಸಂಜೆಯವರೆಗೆ ಅಲೆದರು, ಮರುದಿನವೂ ಅಲೆದರು. ಮೂರನೆಯ ದಿನ ಹಳ್ಳದ ನೀರಿನಲ್ಲಿ ಅದು ಸಿಕ್ಕಿತು. “ಅದಕ್ಕಿನ್ನೂ ಜೀವ ಇತ್ತು,” ಎಂದಷ್ಟೇ ಹೇಳಿ ಅಜ್ಜಯ್ಯ ಸುಮ್ಮನಾದರು. ಆ ಜೊತೆಗಾರನ ಭುಜಕ್ಕೆ ಬಿದ್ದ ಪೆಟ್ಟು ಎರಡು ದಿನದಲ್ಲಿ ಮಾಯಿತಂತೆ.

ನನ್ನ ಮಟ್ಟಿಗೆ ಇಡೀ ವಿಷಯದ ಸಾರ ಈ ಕಥೆಯಲ್ಲಿದೆ. ನಮ್ಮ ಅಳುಕಿನ ಬೆಲೆಯನ್ನು ತೆರುವವರು ಎಷ್ಟೋ ವೇಳೆ ನಾವಲ್ಲ. ಟೆಕ್ಸಸ್ಸಿನ ಆ ಬೇಟೆಗಾರ ಹುಸಿ ತೋಟಾಗಳಲ್ಲಿ ತಿಂಗಳುಗಟ್ಟಲೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಅಂಗೈಯ ನೋವು ತಪ್ಪಿಸಿಕೊಳ್ಳಲು ಮಾತ್ರವಲ್ಲ; ಅವನ ಎದುರಿಗೊಂದು ಜೀವವಿದೆ, ಕೈಯಲ್ಲಿ ಒಂದೇ ತೋಟಾ ಇದೆ. ಅಂದು ಕೈ ಸ್ಥಿರವಿಲ್ಲವೆನಿಸಿದರೆ ಅವನು ಜಿಂಕೆಯನ್ನು ನೋಡಿ, ತೋಟಾವನ್ನು ಹೊರತೆಗೆದು, ಮನೆಗೆ ಹಿಂದಿರುಗುತ್ತಾನಂತೆ. ಇದನ್ನು ಕೇಳಿದ ಮೇಲೆಯೇ ಅಜ್ಜಯ್ಯ, “ಹಾಗಾದರೆ ಅವ ಶಿಕಾರಿಯವನೇ ಸೈ,” ಎಂದು ಒಪ್ಪಿದ್ದು.

ನಾವು ವಿದ್ಯಾರ್ಥಿಗಳು ಪಿಸ್ತೂಲು ಹಿಡಿಯುವ ಪ್ರಸಂಗ ಬಾರದು, ಬರುವುದೂ ಬೇಡ. ಆದರೆ ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆಯೇ ಕಣ್ಣು ಮುಚ್ಚುವವರು, ವೇದಿಕೆ ಹತ್ತುವ ಮುಂಚೆಯೇ ಗಂಟಲು ಕಟ್ಟುವವರು, ನಿಜ ಹೇಳಿದರೆ ಏನಾದೀತೋ ಎಂದು ಮಾತು ಬಾಗಿಸಿ ಆಡುವವರು ನಮ್ಮ ನಡುವೆ ಕಡಿಮೆಯಿಲ್ಲ. ಒದೆ ಬಿದ್ದೇ ಬೀಳುತ್ತದೆ. ಅದು ಬೀಳುವ ಹೊತ್ತಿಗೆ ನಮ್ಮ ಮಾತು, ನಮ್ಮ ಕೆಲಸ, ಗುಂಡಿನಂತೆ ಹೊರಟುಹೋಗಿರುತ್ತದೆ. ಅದು ನೆಟ್ಟಗೆ ಹೋಗುವಂತೆ ಆ ಒಂದು ಗಳಿಗೆ ಕಣ್ತೆರೆದು ನಿಂತರೆ ಸಾಕು. ಆಮೇಲಿನ ನೋವನ್ನು ಭುಜ ನೋಡಿಕೊಳ್ಳುತ್ತದೆ.