ಮಾಳಿಗೆ ಗೊತ್ತಿದ್ದವರು ಕೇಳಿದ ಹಾಡು

ಒಂದು ಆಲ್ಬಂ ಗೆದ್ದಿತೋ ಸೋತಿತೋ ಅಂತ ತೀರ್ಮಾನ ಮಾಡೋರು ಯಾರು? ಪೇಪರಿನ ವಿಮರ್ಶೆ, ಚಾರ್ಟು, ಪ್ರಶಸ್ತಿ ಇವೆಲ್ಲ ಇದ್ದೇ ಇವೆ. ಆ ಲೆಕ್ಕದಲ್ಲಿ ರಘು ದೀಕ್ಷಿತ್ ಅವರ 'ಅಂತರಾಗ್ನಿ' ಗೆದ್ದು ಎಷ್ಟೋ ದಿನ ಆಯ್ತು. ವರ್ಷಗಟ್ಟಲೆ ರೆಕಾರ್ಡ್ ಕಂಪನಿಗಳ ಬಾಗಿಲು ತಟ್ಟಿ ವಾಪಸ್ ಬಂದವರಿಗೆ ಕೊನೆಗೆ ಮುಂಬೈನಲ್ಲಿ ವಿಶಾಲ್-ಶೇಖರ್ ಸಿಕ್ಕರು. ಅವರದೇ ಲೇಬಲ್ಲಿನಿಂದ 2008ರಲ್ಲಿ ಆಲ್ಬಂ ಹೊರಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಷೋ, ಯುಕೆಯ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೊದಲ ಸ್ಥಾನ. 2011ರಲ್ಲಿ ಸಾಂಗ್‌ಲೈನ್ಸ್ ಪ್ರಶಸ್ತಿ, ಗ್ಲಾಸ್ಟನ್‌ಬರಿ ವೇದಿಕೆ. ಲುಂಗಿ ಉಟ್ಟು ಗೆಜ್ಜೆ ಕಟ್ಟಿಕೊಂಡು ಹೋದ ನಮ್ಮ ಮೈಸೂರಿನವರು ಅಷ್ಟು ದೂರ ಹೋದರು ಅಂದ್ರೆ ಯಾರಿಗೆ ಖುಷಿಯಾಗಲ್ಲ ಹೇಳಿ.

ಆಲ್ಬಮ್ಮಿನ ಎಂಟು ಹಾಡುಗಳಲ್ಲಿ ಹೆಚ್ಚಿನವು ಹಿಂದಿ, ಇಂಗ್ಲಿಷಿನವು. ಕನ್ನಡದವು ಎರಡೇ, ಎರಡೂ ಶಿಶುನಾಳ ಶರೀಫರವು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ತಮಾಷೆ ಏನಂದ್ರೆ, ಕನ್ನಡ ಬರದ ನನ್ನ ಆಫೀಸಿನ ಗೆಳೆಯರೂ ಹೆಚ್ಚಾಗಿ ಗುನುಗೋದು ಇವೆರಡನ್ನೇ. ಮಾಳಿಗೆ ಅಂದ್ರೇನು ಅಂತ ಒಬ್ಬ ಕೇಳಿದ. "ಮೊದಲನೇ ಫ್ಲೋರ್" ಅಂತ ಇನ್ನೊಬ್ಬ ಹೇಳಿಕೊಟ್ಟ. ಗಿಟಾರು, ವಯೊಲಿನ್ನು, ಡ್ರಮ್ಸು ಎಲ್ಲ ಸೇರಿ ಮೈ ಕುಣಿಸುವಾಗ ಅರ್ಥ ಯಾರಿಗೆ ಬೇಕು!

ಇದೇ ಆಲ್ಬಂ ನಮ್ಮ ಕಡೆ ಹೇಗೆ ಬಂತು ಅನ್ನೋದೇ ಬೇರೆ ಕಥೆ. ಕೊರಟಗೆರೆ ದಾಟಿ ಮಧುಗಿರಿ ಬೆಟ್ಟ ಕಾಣೋ ಹೊತ್ತಿಗೆ ಬಸ್ಸಿನಲ್ಲಿ ಜೋರಾಗಿ ಕೇಳ್ತಿದ್ದದ್ದು ಅದೇ 2008ರ 'ಸೈಕೋ' ಸಿನಿಮಾಗೆ ರಘು ದೀಕ್ಷಿತ್ ಮಾಡಿದ ಮಹದೇಶ್ವರನ ಹಾಡು. ಸಿಡಿ ಅಂಗಡಿಯಲ್ಲಿ 'ಅಂತರಾಗ್ನಿ' ಕೇಳಿದರೆ "ಯಾವ ಪಿಚ್ಚರ್ದು ಸಾರ್?" ಅನ್ನೋರು. ಶಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟಿರೋ ನನ್ನ ಭಾವನ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳೋರ ಸಾಲೇ ಇರುತ್ತೆ. ಅವನ ಕಂಪ್ಯೂಟರಿನಲ್ಲಿ 'ತತ್ವಪದ' ಅಂತ ಒಂದು ಫೋಲ್ಡರ್. ಅದರೊಳಗೆ 'ಸೋರುತಿಹುದು' ಎರಡು ಸಲ ಇದೆ. ಒಂದು 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ್ದು, ಸಿ. ಅಶ್ವತ್ಥ್ ಅವರ ದನಿ. ಇನ್ನೊಂದು ಇದು. "ವಯಸ್ಸಾದೋರಿಗೆ ಮೊದಲನೇದು, ಕಾಲೇಜು ಹುಡುಗ್ರಿಗೆ ಎರಡನೇದು. ಕೆಲವ್ರು ಎರಡನ್ನೂ ಹಾಕಿಸ್ಕೋತಾರೆ" ಅಂದ ಭಾವ. ನಾನು ಓದಿದ ವಿಮರ್ಶೆಗಳಲ್ಲೆಲ್ಲ ಇದೇ ಒಳ್ಳೇದು ಅನ್ನಿಸಿತು.

ಪಾವಗಡದ ಹತ್ತಿರ ನಮ್ಮ ದೊಡ್ಡಪ್ಪನ ಊರು. ಬೆಂಗಳೂರಿನವರಿಗೆ ಮಾಳಿಗೆ ಅಂದ್ರೆ ಮಹಡಿ ಇರಬಹುದು. ನಮ್ಮ ಬಯಲುಸೀಮೆಯಲ್ಲಿ ಅದು ಮಣ್ಣಿನ ಚಾವಣಿ. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ನೀರು ಬಿದ್ದರೆ ಚೌಳು ಮಣ್ಣು ಅಂಟಂಟಾಗಿ ಸಂದು ಮುಚ್ಚಿಕೊಳ್ಳುತ್ತೆ, ನೀರು ಕೆಳಗಿಳಿಯಲ್ಲ. ಆದರೆ ಒಂದು ಸಲ ಹಾಕಿ ಮರೆಯೋ ಹಾಗಿಲ್ಲ. ಹುಲ್ಲು ಬೇರು ಬಿಡುತ್ತೆ, ಇರುವೆ ತೂತು ಮಾಡುತ್ತೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ಹುಲ್ಲು ಕಿತ್ತು ಹೊಸ ಮಣ್ಣು ಹರಡಲೇಬೇಕು. ಮಳೆ ಕಮ್ಮಿಯಿರೋ ಸೀಮೆ ನಮ್ಮದು, ಆದ್ರೂ ಬಂದ ಒಂದು ಜೋರು ಮಳೆ ಸಾಕು.

ದೊಡ್ಡಪ್ಪ ಭಜನೆ ಮೇಳದಲ್ಲಿ ತಂಬೂರಿ ಹಿಡಿದು ಹಾಡಿದವರು. ಈಗ ಮೇಳದಲ್ಲಿ ಉಳಿದಿರೋರೇ ಮೂರು ಜನ. ಕಳೆದ ಬೇಸಿಗೆಯಲ್ಲಿ ಫೋನಿನಲ್ಲಿ ಅವರಿಗೆ ಈ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಸರೀಪ್ ಸಾಹೇಬ್ರ ಪದ ಅಲ್ವೇನ್ಲಾ ಇದು? ಸಿನ್ಮಾದಾಗೆ ಬ್ಯಾರೆ ತರ ಇತ್ತು."

"ಇದು ಹೊಸ ರಾಗ ದೊಡ್ಡಪ್ಪ. ಲಂಡನ್‌ನಲ್ಲೆಲ್ಲ ಹಾಡವ್ರೆ."

"ರಾಗ ಏನಾರ ಇರ್ಲಿ ಬಿಡು, ನಾವೂ ಒಂದೇ ರಾಗದಾಗೆ ಹೇಳ್ತಿದ್ವಾ? ಗಂಟ್ಲು ಚೆನ್ನಾಗೈತೆ." ಆಮೇಲೆ ನಕ್ಕರು. "ಈವಯ್ಯನ ಮನೆ ಯಾವತ್ತಾರ ಸೋರೈತಾ?"

ನಾನೂ ನಕ್ಕೆ. ಅವರು ಮೇಲೆ ನೋಡಿ ನಿಧಾನಕ್ಕೆ ಹೇಳಿದರು: "ಮುಂಚೆ ಮಾಳಿಗೆ ಹತ್ತೋಕೆ ಮನೇಲಿ ಐದು ಜನ ಇದ್ವಿ. ಈಗ ನಾನೊಬ್ನೆ ಹತ್ತಬೇಕು." ಅವರಿಗೆ ಎಪ್ಪತ್ತಾರು. ಮಕ್ಕಳಲ್ಲಿ ಒಬ್ಬ ಪೀಣ್ಯದಲ್ಲಿ, ಇನ್ನೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ನಡುಮನೆಯ ಗೋಡೆ ಮೇಲೆ ಹೋದ ವರ್ಷದ ಮಳೆ ಇಳಿದ ಕೆಂಪು ಗೆರೆ ಹಾಗೇ ಇತ್ತು.

ಶರೀಫರು ಹೇಳಿದ್ದು ಮಣ್ಣಿನ ಮಾಳಿಗೆ ಬಗ್ಗೆ ಅಲ್ಲ, ಅಜ್ಞಾನದ ಬಗ್ಗೆ. ಅದು ದೊಡ್ಡಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮಾಳಿಗೆ ಗೊತ್ತಿದ್ದವರಿಗೆ ಮಾತ್ರ ಆ ಮಾತಿನ ಹೆದರಿಕೆ ಗೊತ್ತಾಗುತ್ತೆ. ಸೋರೋ ಮನೆ ಒಂದೇ ದಿನ ಬೀಳಲ್ಲ. ಹತ್ತೋರಿಲ್ಲದೆ, ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತೆ. ಈ ಹೆದರಿಕೆಯನ್ನ ಮುಂದಿನ ತಲೆಮಾರಿನ ಕಿವಿಗೆ ದಾಟಿಸಿದ್ದು ಒಂದು ಪಾಪ್ ಆಲ್ಬಂ ಅಂದ್ರೆ, ಡ್ರಮ್ಸ್ ಜಾಸ್ತಿಯಾಯ್ತು ಅಂತ ಗೊಣಗೋದನ್ನ ಬಿಡಬಹುದು.

ಅಣ್ಣಂದಿರು ಆರ್‌ಸಿಸಿ ಹಾಕಿಸೋಣ ಅಂತಾರೆ. ದೊಡ್ಡಪ್ಪ ಸೆಕೆ ಆಗುತ್ತೆ, ಬೇಡ ಅಂತಾರೆ. ಮಾತು ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಯುಗಾದಿ ಆದ ಮೇಲಿನ ಶನಿವಾರ ಎರಡು ಟ್ರ್ಯಾಕ್ಟರ್ ಚೌಳು ಮಣ್ಣು ಹೊಡೆಸೋದು, ನಾವು ಮೂರೂ ಜನ ರಜೆ ಹಾಕಿ ಹೋಗೋದು ಅಂತಾಗಿದೆ. ಸಲಿಕೆ ದೊಡ್ಡಪ್ಪನವು. ಸ್ಪೀಕರ್ ತರೋದು ನಾನು.