ಮೂಳೆಯ ದಾರಿಯಲ್ಲಿ ಬಂದ ಮಾತು

ವಾಟ್ಸಾಪ್‌ನಲ್ಲಿ ಊರಿಗೆ ಕಳಿಸಿದ ನಮ್ಮದೇ ವಾಯ್ಸ್ ಮೆಸೇಜನ್ನು ಮತ್ತೆ ಹಾಕಿ ಕೇಳಿದರೆ, ‘ಇದು ನನ್ನ ದನಿಯೇ?’ ಎಂಬ ಅನುಮಾನ ಎಲ್ಲರಿಗೂ ಬಂದಿರುತ್ತದೆ. ಅದು ಮೊಬೈಲಿನ ತಪ್ಪಲ್ಲ. ಮಾತನಾಡುವಾಗ ನಮ್ಮ ದನಿ ಎರಡು ದಾರಿಯಲ್ಲಿ ನಮಗೆ ಕೇಳಿಸುತ್ತದೆ. ಒಂದು, ಗಾಳಿಯಲ್ಲಿ ಹೊರಟು ಕಿವಿಯ ತೂತಿನ ಮೂಲಕ. ಇನ್ನೊಂದು, ತಲೆಬುರುಡೆಯ ಮೂಳೆಯ ಕಂಪನದಿಂದ ನೇರವಾಗಿ ಒಳಕಿವಿಗೆ. ರೆಕಾರ್ಡಿಂಗಿನಲ್ಲಿ ಈ ಎರಡನೆಯ ದಾರಿ ಇರುವುದಿಲ್ಲ. ಹಾಗಾಗಿ ದನಿ ತೆಳ್ಳಗೆ, ಬೇರೆ ಯಾರದ್ದೋ ಎಂಬಂತೆ ಕೇಳುತ್ತದೆ. ಚಕ್ಕುಲಿ ಕಡಿಯುವಾಗ ಪಕ್ಕದವರ ಮಾತು ಸರಿಯಾಗಿ ಕೇಳಿಸದಿರುವುದೂ ಹೀಗೆಯೇ. ಹಲ್ಲಿನ ಸದ್ದು ಮೂಳೆಯಲ್ಲೇ ಸಾಗಿ ಒಳಗೆ ತುಂಬಿಕೊಂಡಿರುತ್ತದೆ.

ಈ ಎರಡನೆಯ ದಾರಿಯ ಮಹತ್ವ ನಮಗಿಬ್ಬರಿಗೂ, ಅಂದರೆ ಗಂಡ ಹೆಂಡತಿಗೆ, ಗೊತ್ತಾದದ್ದು ಮಗಳು ಹುಟ್ಟಿದ ಮೇಲೆ. ಹೆರಿಗೆ ಊರಿನಲ್ಲಾಯಿತು. ಮಗುವಿನ ಎರಡೂ ಕಿವಿಗಳು ಚಿಕ್ಕದಾಗಿ ಮುದುಡಿದ್ದವು, ತೂತು ಇರಲಿಲ್ಲ. ವೈದ್ಯರು ಇದಕ್ಕೆ ಮೈಕ್ರೋಶಿಯಾ, ಅಟ್ರೀಶಿಯಾ ಎಂಬ ಹೆಸರು ಹೇಳಿದರು. ನೋಡಲು ಬಂದ ದೊಡ್ಡಮ್ಮ, “ಗ್ರಹಣದ ದಿನ ಹೊರಗೆ ಹೋಗಿದ್ಯಾ ಮಗಾ?” ಎಂದು ಕೇಳಿದರು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಹೊರಕಿವಿ ಮತ್ತು ಕಿವಿಯ ದಾರಿ ಪೂರ್ತಿಯಾಗಿ ಬೆಳೆಯದೆ ಉಳಿಯುವುದರಿಂದ ಹೀಗಾಗುತ್ತದೆ. ಒಳಕಿವಿ ಬೇರೆಯೇ ಆಗಿ ಬೆಳೆಯುವ ಅಂಗವಾದ್ದರಿಂದ ಬಹಳಷ್ಟು ಮಕ್ಕಳಲ್ಲಿ ಅದು ಚೆನ್ನಾಗಿಯೇ ಇರುತ್ತದೆ.

ನಮ್ಮ ಮಗುವಿನಲ್ಲೂ ಚೆನ್ನಾಗಿತ್ತು. ಅದು ತಿಳಿದದ್ದು ಬೆರಾ ಪರೀಕ್ಷೆಯಿಂದ. ಮಗು ಮಲಗಿರುವಾಗ ತಲೆಗೆ ಸಣ್ಣ ಎಲೆಕ್ಟ್ರೋಡುಗಳನ್ನು ಅಂಟಿಸಿ, ಸದ್ದಿಗೆ ನರ ಹೇಗೆ ಸ್ಪಂದಿಸುತ್ತದೆ ಎಂದು ನೋಡುತ್ತಾರೆ. ಗಾಳಿಯ ಮೂಲಕ ಸದ್ದು ಕೊಟ್ಟಾಗ ಸುಮಾರು 60 ಡೆಸಿಬೆಲ್ ಮಟ್ಟದ ನಷ್ಟ ಕಾಣಿಸಿತು. ನಾವು ಎದುರಾಬದುರು ಕೂತು ಆಡುವ ಮಾತು ಕೂಡ ಹೆಚ್ಚೂಕಡಿಮೆ ಅಷ್ಟೇ ಮಟ್ಟದ್ದು. ಅಂದರೆ ನಮ್ಮ ಲಾಲಿ ಹಾಡು ಅವಳಿಗೆ ತಲುಪುತ್ತಲೇ ಇರಲಿಲ್ಲ. ಅದೇ ಸದ್ದನ್ನು ಮೂಳೆಯ ಮೂಲಕ ಕೊಟ್ಟಾಗ ನರ ಸರಿಯಾಗಿಯೇ ಸ್ಪಂದಿಸಿತು. ಬಾಗಿಲು ಮುಚ್ಚಿದೆ, ಮನೆಯೊಳಗೆ ಎಲ್ಲ ಸರಿಯಿದೆ. ಇದಕ್ಕೆ ಕಂಡಕ್ಟಿವ್ ಶ್ರವಣದೋಷ ಎನ್ನುತ್ತಾರೆ.

“ಹಾಗಾದರೆ ಆಪರೇಷನ್ ಮಾಡಿ ಬಾಗಿಲು ತೆರೆಯಬಹುದಲ್ಲ” ಎಂದು ನೆಂಟರೂ ಇಲ್ಲಿನ ಗೆಳೆಯರೂ ಕೇಳಿದರು. ಎಳೆ ಮಗುವಿಗೆ ಅದಾಗುವುದಿಲ್ಲ. ತಲೆಬುರುಡೆಯ ಮೂಳೆ ತೆಳ್ಳಗಿರುತ್ತದೆ. ಮೂಳೆಯಲ್ಲಿ ಕೂರಿಸುವ ಇಂಪ್ಲಾಂಟನ್ನು ಅಮೆರಿಕದ ನಿಯಮದಂತೆ 5 ವರ್ಷ ತುಂಬಿದ ಮೇಲೆಯೇ ಹಾಕುತ್ತಾರೆ. ಪಕ್ಕೆಲುಬಿನ ಮೃದ್ವಸ್ಥಿಯಿಂದ ಹೊರಕಿವಿ ಮಾಡಿಕೊಡಲು ಇನ್ನೂ ಒಂದೆರಡು ವರ್ಷ ಹೆಚ್ಚೇ ಬೇಕು. ಆದರೆ ಮಾತು 5 ವರ್ಷ ಕಾಯುವುದಿಲ್ಲ. ಶ್ರವಣ ತಜ್ಞರು ಹೇಳುವ ಲೆಕ್ಕ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ. ದೊಡ್ಡವಳಾದ ಮೇಲೆ ನೋಡೋಣ ಎಂದರೆ ಮಾತು ಕಲಿಯುವ ವರ್ಷಗಳೇ ಕಳೆದುಹೋಗುತ್ತವೆ.

ಆಗ ಆಡಿಯೋಲಜಿಸ್ಟ್ ನಮಗೆ ತೋರಿಸಿದ್ದು ಕೊಯ್ಯದೆ, ಹೊಲಿಯದೆ ಹಾಕಿಕೊಳ್ಳುವ ಬೋನ್ ಕಂಡಕ್ಷನ್ ಸಾಧನಗಳನ್ನು. ಎಲ್ಲದರ ತತ್ವ ಒಂದೇ. ಒಂದು ಪುಟ್ಟ ಯಂತ್ರ ಸದ್ದನ್ನು ಕಂಪನವಾಗಿ ಬದಲಾಯಿಸಿ ಚರ್ಮದ ಮೇಲಿನಿಂದಲೇ ಮೂಳೆಗೆ ಕೊಡುತ್ತದೆ. ಅದನ್ನು ತಲೆಗೆ ಹೇಗೆ ಕೂರಿಸುತ್ತೇವೆ ಎಂಬುದರಲ್ಲಿ ವ್ಯತ್ಯಾಸ.

ಮೊದಲನೆಯದು ಸಾಫ್ಟ್‌ಬ್ಯಾಂಡ್. ಮೆತ್ತನೆಯ ಎಲಾಸ್ಟಿಕ್ ಪಟ್ಟಿಗೆ ಯಂತ್ರವನ್ನು ಸಿಕ್ಕಿಸಿ ತಲೆಯ ಸುತ್ತ ಕಟ್ಟುವುದು. ಬಾಹಾ, ಪೊಂಟೊ ಎಂಬ ಹೆಸರಿನವು ಇಂಥವು. ಕೆಲವು ತಿಂಗಳ ಮಗುವಿಗೂ ಹಾಕಬಹುದು. ನಮ್ಮ ಮಗಳಿಗೆ ಐದು ತಿಂಗಳಲ್ಲಿ ಹಾಕಿದ್ದು ಇದನ್ನೇ. ಪಟ್ಟಿ ಸಡಿಲವಾದರೆ ಸದ್ದು ಒಳಗೆ ಹೋಗುವುದಿಲ್ಲ, ಬಿಗಿಯಾದರೆ ಚರ್ಮ ಕೆಂಪಾಗುತ್ತದೆ. ಆದ್ದರಿಂದ ದಿನಕ್ಕೆ ಒಂದೆರಡು ಸಲ ಯಂತ್ರದ ಜಾಗ ಬದಲಿಸುತ್ತೇವೆ.

ಎರಡನೆಯದು ತಲೆಯ ಹಿಂದಿನಿಂದ ಬಳಸಿ ಬರುವ ಕಮಾನು. ಸೌಂಡ್‌ಆರ್ಕ್ ಅಂಥದ್ದು. ಸ್ವಲ್ಪ ದೊಡ್ಡ ಮಕ್ಕಳಿಗೆ, ಹಣೆಯ ಮೇಲೆ ಪಟ್ಟಿ ಕಾಣಬಾರದು ಎನ್ನುವವರಿಗೆ ಸರಿ. ಮೂರನೆಯದು ಮೆಡ್-ಎಲ್ ಕಂಪನಿಯ ಅಡ್‌ಹಿಯರ್. ಕಿವಿಯ ಹಿಂದೆ ಕೂದಲಿಲ್ಲದ ಜಾಗದಲ್ಲಿ ಅಂಟುವ ಬಿಲ್ಲೆಯೊಂದಕ್ಕೆ ಯಂತ್ರ ಕೂರುತ್ತದೆ. ಒತ್ತಡವೇ ಇಲ್ಲ. ಒಂದು ಬಿಲ್ಲೆ 3ರಿಂದ 7 ದಿನ ಇರುತ್ತದೆ ಎನ್ನುತ್ತಾರೆ. ಆಗಸ್ಟಿನ ಬೆವರಿನಲ್ಲಿ ನಮಗೆ ಎರಡು ದಿನವೂ ನಿಲ್ಲಲಿಲ್ಲ, ಚಳಿಗಾಲದಲ್ಲಿ ಐದು ದಿನ ನಿಂತಿತು. ಒಳಕಿವಿ ಪೂರ್ತಿ ಚೆನ್ನಾಗಿರುವವರಿಗೆ ಮಾತ್ರ ಇದು ಹೊಂದುತ್ತದೆ. ಇದಲ್ಲದೆ, ಜೇಬಿನಲ್ಲಿಡುವ ಶ್ರವಣ ಸಾಧನಕ್ಕೆ ವೈರಿನಿಂದ ಕಂಪಕ ಜೋಡಿಸಿ, ಲೋಹದ ಹೆಡ್‌ಬ್ಯಾಂಡಿನಲ್ಲಿ ತಲೆಗೆ ಒತ್ತಿ ಹಿಡಿಯುವ ಹಳೆಯ ಮಾದರಿಯೂ ಇದೆ. ನೋಡಲು ಚೆಂದವಿಲ್ಲ, ಆದರೆ ಬೆಲೆ ಕಡಿಮೆ.

ಕೊರತೆಯನ್ನೂ ಹೇಳಬೇಕು. ನಡುವೆ ಚರ್ಮ ಇರುವುದರಿಂದ ‘ಸ’, ‘ಶ’ದಂತಹ ಏರುದನಿಯ ಸದ್ದುಗಳು ಸ್ವಲ್ಪ ಮಂದವಾಗುತ್ತವೆ. ಒಂದು ಕಡೆ ಹಾಕಿದ ಯಂತ್ರವೇ ಎರಡೂ ಒಳಕಿವಿಗೆ ಸದ್ದು ತಲುಪಿಸುತ್ತದೆ, ಆದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಎರಡಿದ್ದರೆ ಒಳ್ಳೆಯದು.

ಸಾಧನ ಹಾಕಿದ ಕೂಡಲೇ ಮಾತು ಬರುವುದಿಲ್ಲ, ಕೇಳುವುದನ್ನೂ ಕಲಿಸಬೇಕು. ಇಲ್ಲಿ ನಮ್ಮ ಮುಂದೆ ಕಷ್ಟದ ಪ್ರಶ್ನೆ ಬಂತು. ಒಬ್ಬರ ಸಂಬಳದಲ್ಲಿ ಶಾರ್ಜಾದ ಬಾಡಿಗೆ ಕೊಟ್ಟು, ವಾರಕ್ಕೆರಡು ಬಾರಿ ಖಾಸಗಿ ಥೆರಪಿಯ ಫೀಸು ಕೊಡಲು ಆಗುತ್ತಿರಲಿಲ್ಲ. ಕಂಪನಿಯ ವಿಮೆಯಲ್ಲಿ ಶ್ರವಣ ಸಾಧನಕ್ಕೆ ಜಾಗವೇ ಇರಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಜೊತೆ ತಾಯಿಗೂ ಕಲಿಸುತ್ತಾರೆ, ಅದೂ ಕನ್ನಡದಲ್ಲಿ. ಹಾಗಾಗಿ ಎರಡು ವರ್ಷ ನಾವು ಎರಡು ಕಡೆ ಇದ್ದೆವು. ಅಮ್ಮ, ಮಗಳು ಮೈಸೂರಿನ ಬಾಡಿಗೆ ಮನೆಯಲ್ಲಿ; ಅಪ್ಪ ಇಲ್ಲಿ ಶೇರಿಂಗ್ ರೂಮಿನ ಬೆಡ್ ಸ್ಪೇಸಿನಲ್ಲಿ.

ಹಗಲಿಡೀ ಮನೆಯಲ್ಲಿ ಅದೇ ಪಾಠ. ಕುಕ್ಕರ್ ಕೂಗಿತು, ಕೇಳಿಸ್ತಾ? ಹಾಲಿನವರು ಬೆಲ್ ಮಾಡಿದರು, ಕೇಳಿಸ್ತಾ? ಸದ್ದು ಬಂದಾಗ ಅವಳು ಕೈಯಲ್ಲಿದ್ದ ಗೋಲಿಯನ್ನು ಡಬ್ಬಿಗೆ ಹಾಕಬೇಕು. ರಾತ್ರಿ ಅಪ್ಪನ ಫೋನ್ ಬಂದರೆ ಅವಳು ಮೊಬೈಲನ್ನು ಕಿವಿಯ ಬಳಿ ಹಿಡಿಯುತ್ತಿರಲಿಲ್ಲ, ಹಣೆಯ ಮೇಲಿನ ಯಂತ್ರಕ್ಕೆ ತಾಗಿಸುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಒಂದೂಕಾಲು ವರ್ಷದಲ್ಲಿ ‘ಅಪ್ಪ’ ಅಂದಳು. ಅದನ್ನು ಮೊದಲು ಕೇಳಿದ್ದು ಅಮ್ಮ, ವಾಯ್ಸ್ ಮೆಸೇಜಿನಲ್ಲಿ ಕೇಳಿದ್ದು ಅಪ್ಪ. ಆ ಮೆಸೇಜ್ ಇನ್ನೂ ಫೋನಿನಲ್ಲಿದೆ.

ಇದು ಮಕ್ಕಳ ವಿಷಯ ಮಾತ್ರವಲ್ಲ. ನಮ್ಮ ಕ್ಯಾಂಪುಗಳಲ್ಲಿ ಚಿಕ್ಕಂದಿನಿಂದ ಕಿವಿ ಸೋರುವವರು ಎಷ್ಟೋ ಜನ ಇದ್ದಾರೆ. ಕಿವಿತಮಟೆಯಲ್ಲಿ ತೂತು, ಕೇಳುವುದು ಕಡಿಮೆ. ಕ್ರೇನಿನ ಹಾರನ್ ಕೇಳದಿದ್ದರೆ ಪ್ರಾಣಕ್ಕೇ ಸಂಚಕಾರ. ಅವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಳ್ಳಬಾರದು, ಮೊದಲು ಇಎನ್‌ಟಿ ವೈದ್ಯರನ್ನು ಕಾಣಬೇಕು. ಬಹಳ ಜನರಿಗೆ ಔಷಧಿಯಿಂದಲೋ ತಮಟೆ ಮುಚ್ಚುವ ಆಪರೇಷನ್ನಿಂದಲೋ ಗುಣವಾಗುತ್ತದೆ. ಆಪರೇಷನ್ ಆಗದವರಿಗೆ, ಮಾಮೂಲಿ ಶ್ರವಣ ಸಾಧನ ಕಿವಿಗೆ ಹಾಕಿದರೆ ತೇವ ನಿಂತು ಸೋರುವುದು ಹೆಚ್ಚಾಗುವವರಿಗೆ, ಕಿವಿಯನ್ನು ಮುಚ್ಚದ ಈ ಸಾಧನ ಒಳ್ಳೆಯ ದಾರಿ. ಆದರೆ ಜನರೇಟರ್, ಡ್ರಿಲ್ಲಿಂಗ್ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಕೇಳುವುದು ಕಡಿಮೆಯಾದವರಿಗೆ ಹಾಳಾಗಿರುವುದು ಒಳಕಿವಿ. ಅವರಿಗೆ ಇದು ಮದ್ದಲ್ಲ. ಮಾಲಿನಲ್ಲಿ ಸಿಗುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಹಾಡು ಕೇಳಲಿಕ್ಕೆ ಮಾಡಿದ್ದು, ಅದನ್ನು ಶ್ರವಣ ಸಾಧನವೆಂದು ಕೊಳ್ಳಬೇಡಿ.

ಇದನ್ನು ತಿಳಿಯಲು ಆಡಿಯೋಗ್ರಾಂ ಎಂಬ ಒಂದು ಹಾಳೆ ಸಾಕು. ಅದರಲ್ಲಿ ಗಾಳಿಯ ಗೆರೆ ಒಂದು, ಮೂಳೆಯ ಗೆರೆ ಇನ್ನೊಂದು ಇರುತ್ತದೆ. ಎರಡರ ನಡುವೆ ಅಂತರ ಎಷ್ಟಿದೆ ಎಂದು ಕೇಳಿ. ಮೂಳೆಯ ಗೆರೆ ಚೆನ್ನಾಗಿದ್ದು ಗಾಳಿಯ ಗೆರೆ ಕೆಳಗಿದ್ದರೆ ಈ ಸಾಧನದ ಮಾತೆತ್ತಬಹುದು. ಬೆಲೆ ಮಾಮೂಲಿ ಸಾಧನಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಕೊಳ್ಳುವ ಮೊದಲು ಪಟ್ಟಿ ಕಟ್ಟಿ ಟ್ರಯಲ್ ಕೊಡಿ ಎಂದು ಕೇಳಿ. ರಜೆಯಲ್ಲಿ ಊರಿಗೆ ಹೋದಾಗ ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿದರೆ ಟ್ರಯಲಿಗೆ ದಿನ ಉಳಿಯುತ್ತದೆ.

ಮಗಳಿಗೀಗ ನಾಲ್ಕೂವರೆ ವರ್ಷ. ಎಲ್ಲರೂ ಮತ್ತೆ ಒಂದೇ ಕಡೆ ಇದ್ದೇವೆ. ಎರಡು ಪಟ್ಟಿ ಇಟ್ಟುಕೊಂಡು ದಿನವೂ ಒಂದನ್ನು ಒಗೆಯುತ್ತೇವೆ. ರಾತ್ರಿ ಯಂತ್ರವನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುತ್ತೇವೆ. ಇಂಪ್ಲಾಂಟ್ ಬೇಕೇ, ಹೊರಕಿವಿ ಮಾಡಿಸಬೇಕೇ ಎಂಬ ಮಾತು ಮುಂದಿನ ವರ್ಷ ಬರುತ್ತದೆ. ಅವಳಿಗೆ ಮಾತು ಬಂದಿರುವುದರಿಂದ ನಮಗೆ ಆತುರವಿಲ್ಲ, ಅವಳನ್ನೂ ಕೇಳಿಯೇ ತೀರ್ಮಾನಿಸಬಹುದು. ಈಗ ಬ್ಯಾಟರಿ ಮುಗಿದರೆ ಆಟ ಬಿಟ್ಟು ಅವಳೇ ಓಡಿಬರುತ್ತಾಳೆ: “ಅಮ್ಮಾ, ಸೆಲ್ ಖಾಲಿ. ಬೇಗ ಹಾಕು, ಅವರು ಏನೋ ಹೇಳ್ತಿದ್ದಾರೆ.”