ತಿಕ್ಕಿ ಮೂಸಿದರೆ ಗುರುತು

ಗಿಡ ಕಂಡಲ್ಲಿ ಒಂದೆಲೆ ಕಿತ್ತು, ತಿಕ್ಕಿ, ಮೂಸುವ ಚಟ ನನ್ನದು. ಮಹಾರಾಷ್ಟ್ರದ ನಮ್ಮ ಉಮರ್ಗಾದಲ್ಲಿ ಈ ಚಟಕ್ಕೆ ಹೆಚ್ಚು ಕೆಲಸವಿಲ್ಲ. ಬೇವು, ಹುಣಸೆ, ಜಾಲಿ ದೂರದಿಂದಲೇ ಹೆಸರು ಹೇಳಿಬಿಡುತ್ತವೆ.

ಕ್ಯಾಲಿಫೋರ್ನಿಯಾದಿಂದ ಅಣ್ಣನ ಮಗ ಒಂದು ಫೋಟೊ ಕಳಿಸಿದ. ಕಡಲಂಚಿನ ಬಂಡೆಯ ಮೇಲೆ ಗಾಳಿಗೆ ಬೆನ್ನು ಕೊಟ್ಟು ಬಾಗಿದ ಕಡುಹಸಿರು ಮರ. “ಕಾಕಾ, ಇದು ಯಾವ ಗಿಡ?”

ಫೋನಿನಲ್ಲಿ ವಾಸನೆ ಬರುವುದಿಲ್ಲವಲ್ಲ! ಕರೆ ಮಾಡಿ ವಿಚಾರಣೆಗೆ ಕೂತೆ. ಎಲೆ ಸೂಜಿಯೋ, ಹುರುಪೆಯೋ? ಹುರುಪೆ. ರೆಂಬೆ ಚಪ್ಪಟೆಯೋ, ಹುರಿಯಂತೆ ದುಂಡೋ? ದುಂಡು. ಕಾಯಿ? ಗೋಲಿಗಿಂತ ದೊಡ್ಡದು, ಕಟ್ಟಿಗೆಯಷ್ಟು ಗಟ್ಟಿ. ಬಿದ್ದ ಚಿಗುರನ್ನು ತಿಕ್ಕು ಎಂದೆ. “ನಿಂಬೆಹಣ್ಣು!” ಎಂದ. ಎಲ್ಲಿದ್ದೀ? “ಪಾಯಿಂಟ್ ಲೋಬೋಸ್.” ಅಲ್ಲಿಗೆ ತೀರ್ಪಾಯಿತು: ಮಾಂಟೆರೆ ಸೈಪ್ರೆಸ್. ಈ ಮರದ ಹುಟ್ಟೂರು ಜಗತ್ತಿನಲ್ಲಿ ಎರಡೇ ತೋಪು, ಅದೊಂದು, ಹತ್ತಿರದ ಸೈಪ್ರೆಸ್ ಪಾಯಿಂಟ್ ಇನ್ನೊಂದು. ಬೇರು ಗ್ರಾನೈಟಿನ ಸೀಳಿನಲ್ಲಿ, ಬೇಸಿಗೆಯ ನೀರು ಕಡಲ ಮಂಜಿನಲ್ಲಿ. ಕೊಂಬೆಗಳಿಗೆ ಹತ್ತಿದ ಕಿತ್ತಳೆ ಬಣ್ಣ ತುಕ್ಕಲ್ಲ, ಒಂದು ಜಾತಿಯ ಪಾಚಿ.

ವಿಳಾಸದಿಂದಲೇ ಗುರುತು ಸಿಕ್ಕಿತೆಂದು ಬೀಗುವಂತಿಲ್ಲ. ಅದೇ ಮರವನ್ನು ಮನುಷ್ಯರು ನ್ಯೂಜಿಲೆಂಡಿಗೂ ನೀಲಗಿರಿಗೂ ಒಯ್ದು ನೆಟ್ಟಿದ್ದಾರೆ. ನಮ್ಮ ಗೇಟಿನ ಪಕ್ಕದ ಮೋರ್‌ಪಂಖಿಯ ತವರು ಚೀನಾ. ಪುಸ್ತಕದಲ್ಲಿಟ್ಟರೆ ವಿದ್ಯೆ ಬರುತ್ತದೆಂದು ನಾವು ಅದರ ರೆಂಬೆ ಮುರಿದದ್ದಕ್ಕೆ ಲೆಕ್ಕವಿಲ್ಲ. ಅದೂ ಸೈಪ್ರೆಸ್ ಕುಟುಂಬದ್ದೇ. ಆದರೆ ರೆಂಬೆ ಬೀಸಣಿಗೆಯಂತೆ ಚಪ್ಪಟೆ, ಪುಟ್ಟ ಕಾಯಿಗೆ ಕೊಕ್ಕೆಯಂಥ ಕೊಂಬು. ಇನ್ನು ಗಾಳಿಮರ ಪೂರಾ ವೇಷಧಾರಿ. ಸೂಜಿಯೆಲೆ ಅನ್ನಿಸುವುದು ಗಿಣ್ಣುಗಿಣ್ಣಿನ ಎಳೆಕಡ್ಡಿ. ನಿಜವಾದ ಎಲೆ ಪ್ರತಿ ಗಿಣ್ಣಿನಲ್ಲೂ ಹಲ್ಲಿನಷ್ಟೇ. ಗಿಣ್ಣು ಬಿಡಿಸಿ ಮತ್ತೆ ಸಿಕ್ಕಿಸಿ, “ಎಲ್ಲಿ ಮುರಿದೆ ಹೇಳು” ಎಂದು ಹುಡುಗರು ಆಡುತ್ತಾರೆ. ಕಾಯಿ ಶಂಕುವಿನಂತೆ ಕಂಡರೂ ಅದು ಹೂಬಿಡುವ ಜಾತಿ. ಕಡಲ ದಂಡೆಯ ಈ ಮರ ಮುನ್ನೂರು ಕಿಲೋಮೀಟರಿಗೂ ಆಚೆ, ನಮ್ಮ ಕಪ್ಪು ನೆಲದಲ್ಲಿ ನಿಂತೂ ಅಲೆಯ ಸದ್ದೇ ಮಾಡುತ್ತದೆ.

ಮನುಷ್ಯರ ಗುರುತೂ ಬರೀ ವಿಳಾಸದಿಂದ ಸಿಗುವುದಿಲ್ಲ. ನಮ್ಮ ಮನೆಯ ನಾಮಫಲಕ ಮರಾಠಿಯಲ್ಲಿದೆ. ಅಂಗಡಿಯ ಲೆಕ್ಕ, ಬಸ್ಸಿನ ಜಗಳ, ಎಲ್ಲ ಮರಾಠಿಯಲ್ಲೇ. ಮೊನ್ನೆ ಆ ಮೋರ್‌ಪಂಖಿಯ ಕಾಯಿ ನೋಡಲು ಬಾಗಿದವನು ಕಲ್ಲಿಗೆ ಹೆಬ್ಬೆರಳು ಎಡವಿದೆ. “ಯವ್ವಾ!” ಎಂದು ಕೂಗಿದೆ. ದಾರಿಯಲ್ಲಿ ಹೊರಟಿದ್ದ ಅಪರಿಚಿತ ಮುದುಕರೊಬ್ಬರು ನಿಂತು ನಕ್ಕರು: “ನಮ್ಮವ್ರೇ ಏನ್ರಿ?”